ಹೊಯ್ಸಿನ್ ಸಾಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಬಾಟಲಿ ಹೊಯ್ಸಿನ್ ತಂದು, ಒಂದೇ ಒಂದು ಸಲ ನೂಡಲ್ಸ್‌ಗೆ ಹಾಕಿ, ಆಮೇಲೆ ಫ್ರಿಜ್ ಬಾಗಿಲಲ್ಲಿ ಮರೆತುಬಿಟ್ಟವರು ತುಂಬ ಜನ. ಅದು ನನಗೆ ಬೇಜಾರಿನ ವಿಷಯ. ಯಾಕಂದ್ರೆ ಇದು ಒಳ್ಳೆಯ ಸಾಸ್. ಸ್ವಲ್ಪ ಹಾಕಬೇಕು, ಕೊನೆಯಲ್ಲಿ ಹಾಕಬೇಕು, ನೀರು ಬೆರೆಸಿ ಹಾಕಬೇಕು. ಇಷ್ಟು ಗೊತ್ತಿಲ್ಲದೆ ಕೆಟ್ಟ ಹೆಸರು ಹೊತ್ತಿದೆ. ಗೆಳೆಯರು, ನೆಂಟರು ನನ್ನನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಹೊಯ್ಸಿನ್ ಸಾಸ್ ಅಂದ್ರೆ ಏನು?

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ, ಅಂದರೆ ಕ್ಯಾಂಟನೀಸ್ ಅಡುಗೆಯ, ದಪ್ಪನೆಯ ಕಡುಕಂದು ಸಾಸ್ ಇದು. ಹುದುಗು ಬರಿಸಿದ ಸೋಯಾ ಕಾಳಿನ ಪೇಸ್ಟ್ ಇದರ ಜೀವಾಳ. ಅದಕ್ಕೆ ಸಕ್ಕರೆ, ಬೆಳ್ಳುಳ್ಳಿ, ವಿನೆಗರ್, ಸ್ವಲ್ಪ ಮೆಣಸಿನಕಾಯಿ, ಮಸಾಲೆ ಸೇರುತ್ತವೆ. ಗಟ್ಟಿಯಾಗಲು ಗೆಣಸಿನ ಪುಡಿಯನ್ನೋ ಕಾರ್ನ್‌ಫ್ಲೋರನ್ನೋ ಹಾಕುತ್ತಾರೆ. ಕೆಲವು ಬ್ರ್ಯಾಂಡ್‌ಗಳಲ್ಲಿ ಎಳ್ಳಿನ ಪೇಸ್ಟ್ ಕೂಡ ಇರುತ್ತದೆ.

ನಮಗೆ ತಟ್ಟನೆ ಅರ್ಥವಾಗಬೇಕಂದ್ರೆ ಪುಳಿಯೋಗರೆ ಗೊಜ್ಜನ್ನು ನೆನೆಸಿಕೊಳ್ಳಿ. ರುಚಿ ಬೇರೆ, ಆದರೆ ಕೆಲಸ ಅದೇ ತರಹದ್ದು. ಸಿಹಿ, ಹುಳಿ, ಉಪ್ಪು, ಖಾರ ಎಲ್ಲವನ್ನೂ ಮೊದಲೇ ಕೂಡಿಸಿ ಡಬ್ಬಿಯಲ್ಲಿ ಇಟ್ಟಿರುತ್ತೇವೆ. ಬೇಕಾದಾಗ ಎರಡು ಚಮಚ ತೆಗೆದು ಕಲಸಿದರೆ ಸಾದಾ ಅನ್ನಕ್ಕೆ ಮೈ ತುಂಬುತ್ತದೆ. ಗೊಜ್ಜನ್ನು ಯಾರೂ ಬಟ್ಟಲು ತುಂಬ ಬಡಿಸಿಕೊಂಡು ತಿನ್ನುವುದಿಲ್ಲ. ಹೊಯ್ಸಿನ್ ಕೂಡ ಹಾಗೇ.

ಹೆಸರಿನ ಅರ್ಥ ಸಮುದ್ರದ ಆಹಾರ ಅಂತೆ. ಇದರಲ್ಲಿ ಮೀನು ಇದೆಯಾ?

ಇಲ್ಲ. ಮೀನು, ಸಿಗಡಿ, ಏಡಿ ಏನೂ ಇಲ್ಲ. ಕ್ಯಾಂಟನೀಸ್ ಮಾತಿನಲ್ಲಿ 'ಹೊಯ್' ಅಂದರೆ ಸಮುದ್ರ, 'ಸಿನ್' ಅಂದರೆ ತಾಜಾ. ಎರಡೂ ಸೇರಿದರೆ ಸಮುದ್ರದ ಆಹಾರ ಅಂತ ಅರ್ಥ. ಸಮುದ್ರದ ಆಹಾರದ ಜೊತೆ ನಂಚಿಕೊಳ್ಳುತ್ತಿದ್ದರು, ಅದಕ್ಕೆ ಆ ಹೆಸರು ಅಂತ ಹೇಳುವವರಿದ್ದಾರೆ.

ಆ 'ಸಿನ್' ಅನ್ನುವ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ಚೀನೀ ಬರಹದಲ್ಲಿ ಆ ಅಕ್ಷರವನ್ನು ಎರಡು ಚಿತ್ರ ಸೇರಿಸಿ ಬರೆಯುತ್ತಾರೆ: ಒಂದು ಮೀನು, ಇನ್ನೊಂದು ಕುರಿ. ತಾಜಾ ಅನ್ನುವ ಅರ್ಥದ ಜೊತೆಗೆ, ಒಳ್ಳೆಯ ಸಾರಿನಲ್ಲಿ ನಾಲಿಗೆಗೆ ಸಿಗುವ ಆ ತುಂಬು ರುಚಿಗೂ ಅದೇ ಪದ. ಹುದುಗಿದ ಸೋಯಾ ಕೊಡುವುದೂ ಅದೇ ರುಚಿಯನ್ನು. ಹಾಗಾಗಿ ಮೀನಿಲ್ಲದ ಸಾಸ್‌ಗೆ ಈ ಹೆಸರು ನನಗಂತೂ ಒಪ್ಪುತ್ತದೆ ಅನಿಸುತ್ತದೆ.

ಹಾಗಾದ್ರೆ ಸಸ್ಯಾಹಾರಿಗಳು ತಿನ್ನಬಹುದಾ?

ಸಾಮಾನ್ಯವಾಗಿ ತಿನ್ನಬಹುದು. ಆದರೂ ಬಾಟಲಿಯ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ, ಪದಾರ್ಥಗಳ ಪಟ್ಟಿ ಓದಿ. ಬೆಳ್ಳುಳ್ಳಿ ತಿನ್ನದವರಿಗೆ ಇದು ಆಗುವುದಿಲ್ಲ. ಹೆಚ್ಚುಕಡಿಮೆ ಎಲ್ಲ ಬ್ರ್ಯಾಂಡ್‌ನಲ್ಲೂ ಬೆಳ್ಳುಳ್ಳಿ ಇರುತ್ತದೆ.

ಹೋಟೆಲಿನಲ್ಲಿ ತಿನ್ನುವಾಗ ಮಾತ್ರ ಕೇಳಿ ತಿಳಿದುಕೊಳ್ಳಿ. ಹೊಯ್ಸಿನ್ ಸಸ್ಯಾಹಾರವೇ ಇರಬಹುದು, ಅದರ ಜೊತೆ ಸಿಂಪಿಯಿಂದ ಮಾಡುವ ಆಯ್ಸ್ಟರ್ ಸಾಸ್ ಬೆರೆಸಿದ್ದರೆ ಕಥೆ ಬೇರೆ.

ಇದನ್ನು ಮಾಡುವುದು ಹೇಗೆ?

ಮೊದಲು ಸೋಯಾ ಕಾಳನ್ನು ನೆನೆಸಿ ಮೆತ್ತಗೆ ಬೇಯಿಸುತ್ತಾರೆ. ಗೋಧಿ ಹಿಟ್ಟು ಬೆರೆಸಿ, ಆಸ್ಪರ್ಜಿಲಸ್ ಒರೈಝೆ ಅನ್ನುವ ಬೂಷ್ಟನ್ನು ಅದರ ಮೇಲೆ ಬೆಳೆಸುತ್ತಾರೆ. ಬೂಷ್ಟು ಅಂದ ಕೂಡಲೇ ಮುಖ ಸಿಂಡರಿಸಬೇಡಿ. ಸೋಯಾ ಸಾಸ್, ಜಪಾನಿನ ಮಿಸೊ ಅನ್ನುವ ಸೋಯಾ ಪೇಸ್ಟ್ ಎರಡಕ್ಕೂ ಇದೇ ಬೇಕು. ಆಮೇಲೆ ಉಪ್ಪುನೀರಿನಲ್ಲಿ ಅದನ್ನು ತಿಂಗಳುಗಟ್ಟಲೆ ಬಿಡುತ್ತಾರೆ. ಬೂಷ್ಟಿನ ಕಿಣ್ವಗಳು ಕಾಳಿನ ಪ್ರೋಟೀನನ್ನು ಒಡೆದು ಅಮೈನೊ ಆಮ್ಲಗಳನ್ನಾಗಿ ಮಾಡುತ್ತವೆ, ಗೋಧಿಯ ಪಿಷ್ಟವನ್ನು ಸಕ್ಕರೆಯನ್ನಾಗಿ ಮಾಡುತ್ತವೆ. ಅಮೈನೊ ಆಮ್ಲಗಳಲ್ಲಿ ಮುಖ್ಯವಾದದ್ದು ಗ್ಲುಟಾಮಿಕ್ ಆಮ್ಲ. ಆಗಲೇ ಹೇಳಿದ ತುಂಬು ರುಚಿ ಬರುವುದು ಮುಖ್ಯವಾಗಿ ಇದರಿಂದಲೇ.

ನಮ್ಮ ದೋಸೆ ಹಿಟ್ಟು ಒಂದು ರಾತ್ರಿಯಲ್ಲಿ ಉಬ್ಬುತ್ತದೆ. ಇದಕ್ಕೆ ತಿಂಗಳುಗಳು ಬೇಕು. ಆ ಕಾಯುವಿಕೆ ರುಚಿಯಲ್ಲಿ ಗೊತ್ತಾಗುತ್ತದೆ.

ಹೀಗೆ ಪಳಗಿದ ಪೇಸ್ಟನ್ನು ನುಣ್ಣಗೆ ರುಬ್ಬಿ, ಸಕ್ಕರೆ, ಬೆಳ್ಳುಳ್ಳಿ, ವಿನೆಗರ್, ಮಸಾಲೆ ಸೇರಿಸಿ ಕುದಿಸಿದರೆ ಹೊಯ್ಸಿನ್. ಮಸಾಲೆ ಅಂದರೆ ಸಾಮಾನ್ಯವಾಗಿ ಚೀನೀಯರ ಪಂಚಮಸಾಲೆ: ಚಕ್ರಮೊಗ್ಗು, ಲವಂಗ, ಚಕ್ಕೆ, ಸೋಂಪು, ಸಿಚುವಾನ್ ಮೆಣಸು. ಮೊದಲ ನಾಲ್ಕು ನಮ್ಮ ಅಡುಗೆಮನೆಯಲ್ಲೇ ಇವೆ. ಐದನೆಯದು ನಮ್ಮ ಕರಾವಳಿಯ ಜುಮ್ಮನಕಾಯಿಯ ನೆಂಟ, ಒಂದೇ ಕುಲದ ಗಿಡ. ಬಂಗುಡೆ ಸಾರಿಗೆ ಜುಮ್ಮನಕಾಯಿ ಹಾಕುವ ಮನೆಯವರಿಗೆ ನಾಲಿಗೆ ಜುಮ್ಮೆನ್ನುವ ಆ ಅನುಭವ ಹೊಸದೇನಲ್ಲ.

ರುಚಿ ಹೇಗಿರುತ್ತೆ?

ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು ನಾಲಿಗೆಯ ಮೇಲೆ ಇಡಿ. ಮೊದಲು ಸಿಹಿ, ಹೆಚ್ಚುಕಡಿಮೆ ಬೆಲ್ಲದ ಪಾಕದಷ್ಟು. ಅದರ ಹಿಂದೆಯೇ ಉಪ್ಪು. ಎರಡೂ ಇಳಿಯುವ ಹೊತ್ತಿಗೆ ಹುರಿದ ಕಾಳಿನಂಥ ಒಂದು ಗಾಢ ರುಚಿ ಬಾಯಿಯ ಹಿಂಭಾಗದಲ್ಲಿ ನಿಲ್ಲುತ್ತದೆ. ಕೊನೆಗೆ ಮೂಗಿಗೆ ಚಕ್ರಮೊಗ್ಗಿನ ಘಮ, ಬೆಳ್ಳುಳ್ಳಿ. ಖಾರ ತುಂಬ ಕಡಿಮೆ. ಹೀಗೆ ಬರಿದೇ ತಿಂದರೆ ಜಾಸ್ತಿ ಅನಿಸುತ್ತದೆ, ಅದು ಸಹಜ. ಅನ್ನವೋ ತರಕಾರಿಯೋ ಮಾಂಸವೋ ಜೊತೆಗಿದ್ದಾಗಲೇ ಇದರ ಸರಿಯಾದ ಅಳತೆ ಗೊತ್ತಾಗುವುದು.

ಸೋಯಾ ಸಾಸ್, ಆಯ್ಸ್ಟರ್ ಸಾಸ್, ಪ್ಲಮ್ ಸಾಸ್... ಎಲ್ಲ ಒಂದೇ ತರ ಕಾಣುತ್ತೆ. ವ್ಯತ್ಯಾಸ ಏನು?

ಸೋಯಾ ಸಾಸ್ ನೀರಿನಂತೆ ತೆಳು, ಉಪ್ಪು ಮುಂದೆ. ಪ್ಲಮ್ ಸಾಸ್ ಹಣ್ಣಿನದು, ಹುಳಿ-ಸಿಹಿ.

ಆಯ್ಸ್ಟರ್ ಸಾಸ್‌ಗೂ ಹೊಯ್ಸಿನ್‌ಗೂ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಆಯ್ಸ್ಟರ್ ಸಾಸ್‌ನಲ್ಲಿ ನಿಜವಾದ ಸಿಂಪಿಯ ರಸ ಇರುತ್ತದೆ. ಗುವಾಂಗ್‌ಡಾಂಗ್‌ನ ನಾನ್‌ಶುಯಿ ಊರಿನಲ್ಲಿ ಸಣ್ಣ ಅಂಗಡಿ ನಡೆಸುತ್ತಿದ್ದ ಲೀ ಕುಮ್ ಶಿಯುಂಗ್ 1888ರಲ್ಲಿ ಸಿಂಪಿ ಬೇಯಲು ಇಟ್ಟು ಮರೆತರಂತೆ, ಅದು ಬತ್ತಿ ದಪ್ಪ ರಸವಾಯಿತಂತೆ. ಲೀ ಕುಮ್ ಕೀ ಕಂಪನಿ ತನ್ನ ಹುಟ್ಟಿನ ಬಗ್ಗೆ ಹೇಳುವ ಕಥೆ ಇದು. ಇವತ್ತು ಅದೇ ಕಂಪನಿಯ ಹೊಯ್ಸಿನ್ ಕೂಡ ಜಗತ್ತಿನ ತುಂಬ ಮಾರಾಟವಾಗುತ್ತದೆ. ಎರಡು ಬಾಟಲಿಯೂ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಪಕ್ಕಪಕ್ಕ ಇರುತ್ತವೆ. ಸಸ್ಯಾಹಾರಿಗಳು ಅವಸರದಲ್ಲಿ ಕೈ ಹಾಕಬೇಡಿ.

ಹೊಯ್ಸಿನ್‌ಗೆ ನಿಜವಾದ ಒಡಹುಟ್ಟು ಅಂದ್ರೆ ಫೋಶಾನ್ ನಗರದ ಚೂ ಹೌ ಪೇಸ್ಟ್. ಅದೂ ಸೋಯಾದ್ದೇ, ಸಿಹಿ ಕಡಿಮೆ. ದನದ ಮಾಂಸವನ್ನು ನಿಧಾನವಾಗಿ ಬೇಯಿಸುವಾಗ ಹಾಕುತ್ತಾರೆ.

ಪೀಕಿಂಗ್ ಡಕ್ ಜೊತೆ ಕೊಡುವುದು ಇದೇ ಸಾಸಾ?

ಪೀಕಿಂಗ್ ಡಕ್ ಅಂದರೆ ಬೀಜಿಂಗ್ ಶೈಲಿಯಲ್ಲಿ ಸುಟ್ಟ ಬಾತುಕೋಳಿ. ಯಾವ ಸಾಸ್ ಅನ್ನುವುದು ಎಲ್ಲಿ ತಿನ್ನುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಬೀಜಿಂಗ್‌ನಲ್ಲಿ ಬಾತುಕೋಳಿಯ ಜೊತೆ ಬರುವುದು ತಿಯೆನ್‌ಮಿಯೆನ್‌ಜಿಯಾಂಗ್ ಅನ್ನುವ ಸಿಹಿ ಪೇಸ್ಟ್. ಅದನ್ನು ಮುಖ್ಯವಾಗಿ ಗೋಧಿ ಹಿಟ್ಟಿಗೆ ಹುದುಗು ಬರಿಸಿ ಮಾಡುತ್ತಾರೆ. 1864ರಲ್ಲಿ ಶುರುವಾದ ಚ್ವಾನ್‌ಜುದೆಯಂಥ ಹಳೆಯ ಹೋಟೆಲುಗಳ ಸಂಪ್ರದಾಯ ಅದು. ಚೀನಾದಿಂದ ಆಚೆ ಈ ಪೇಸ್ಟ್ ಸುಲಭವಾಗಿ ಸಿಗದ ಕಡೆ ಅದರ ಜಾಗಕ್ಕೆ ಹೊಯ್ಸಿನ್ ಬಂತು, ಬಂದು ಗಟ್ಟಿಯಾಗಿ ಕೂತಿತು. ಇಂಗ್ಲೆಂಡಿನಲ್ಲಂತೂ ಹೊಯ್ಸಿನ್ ಡಕ್ ರ‍್ಯಾಪ್ ಸೂಪರ್‌ಮಾರ್ಕೆಟ್ಟಿನ ಮಧ್ಯಾಹ್ನದ ಊಟವಾಗಿಬಿಟ್ಟಿದೆ. ಅಲ್ಲಿರುವ ನಮ್ಮವರಲ್ಲಿ ಎಷ್ಟೋ ಜನ ಈ ಸಾಸನ್ನು ಮೊದಲು ತಿಂದಿದ್ದು ಹೀಗೇ ಇರಬೇಕು.

ತಿನ್ನುವ ಕ್ರಮ ಎರಡೂ ಕಡೆ ಒಂದೇ. ಕೈಯಗಲದ ತೆಳು ಗೋಧಿ ರೊಟ್ಟಿ. ಅದರ ಮೇಲೆ ಸಾಸನ್ನು ಒಂದು ಗೆರೆಯಷ್ಟು ಸವರಿ, ಗರಿಗರಿ ಚರ್ಮವಿರುವ ಮಾಂಸದ ಚೂರು, ಉದ್ದುದ್ದ ಹೆಚ್ಚಿದ ಸೌತೆಕಾಯಿ, ಈರುಳ್ಳಿ ಹೂವಿನ ಬಿಳಿ ಭಾಗ ಇಟ್ಟು ಸುತ್ತುವುದು. ಕೊಬ್ಬಿಗೆ ಸಿಹಿ-ಉಪ್ಪು, ಅದಕ್ಕೆ ಸೌತೆಕಾಯಿಯ ತಂಪು. ಬಾತುಕೋಳಿಯ ಬದಲು ಹುರಿದ ಅಣಬೆ ಇಟ್ಟು ಫುಲ್ಕಾದಲ್ಲಿ ಸುತ್ತಿ ನೋಡಿ. ನಮ್ಮ ಮನೆಯಲ್ಲಿ ಭಾನುವಾರ ಇದು ಆಗಾಗ ಆಗುತ್ತದೆ.

ಹಾಂಗ್‌ಕಾಂಗ್, ಗುವಾಂಗ್‌ಝೌ ಕಡೆ ಯಾವುದಕ್ಕೆಲ್ಲ ಹಾಕ್ತಾರೆ?

ಮೊದಲು ಹೇಳಬೇಕಾದದ್ದು ಚಾರ್ ಸಿಯು. 'ಚಾರ್' ಅಂದರೆ ಕವಲುಗೋಲು, 'ಸಿಯು' ಅಂದರೆ ಸುಡುವುದು. ಹಂದಿಮಾಂಸದ ಉದ್ದ ಪಟ್ಟಿಗಳನ್ನು ಹೊಯ್ಸಿನ್, ಜೇನು, ಸೋಯಾ ಸಾಸ್, ಪಂಚಮಸಾಲೆಯಲ್ಲಿ ನೆನೆಸಿ ಬೆಂಕಿಯ ಮೇಲೆ ಸುಡುತ್ತಾರೆ. ಅಂಚು ಕಪ್ಪಗೆ, ಮೈ ಹೊಳೆಹೊಳೆಯುತ್ತಾ ಇರುತ್ತದೆ. ಹಾಂಗ್‌ಕಾಂಗ್ ಅಂಗಡಿಗಳ ಗಾಜಿನ ಹಿಂದೆ ಇವು ಸಾಲಾಗಿ ತೂಗಾಡುತ್ತಿರುತ್ತವೆ. ಕೆಂಪು ಬಣ್ಣ ಹೊಯ್ಸಿನ್‌ನದಲ್ಲ. ಹುದುಗು ಬರಿಸಿದ ಕೆಂಪು ತೋಫುವಿನಿಂದಲೋ ಬಣ್ಣದಿಂದಲೋ ಬರುತ್ತದೆ.

ನನಗೆ ಇನ್ನೂ ಹತ್ತಿರ ಅನಿಸುವುದು ಚೆಂಗ್ ಫನ್. ಅಕ್ಕಿ ಹಿಟ್ಟನ್ನು ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತುತ್ತಾರೆ. ನೀರುದೋಸೆಯನ್ನು ಕಾವಲಿಯ ಬದಲು ಹಬೆಯಲ್ಲಿ ಮಾಡಿದ ಹಾಗೆ. ಹಾಂಗ್‌ಕಾಂಗ್‌ನ ಬೀದಿಬದಿಯಲ್ಲಿ ಅದನ್ನು ತುಂಡು ಮಾಡಿ, ಮೇಲೆ ಸೋಯಾ ಸಾಸ್, ಎಳ್ಳಿನ ಪೇಸ್ಟ್, ಹೊಯ್ಸಿನ್ ತರಹದ ಸಿಹಿ ಸಾಸ್ ಸುರಿದು, ಹುರಿದ ಎಳ್ಳು ಉದುರಿಸಿ ಕೊಡುತ್ತಾರೆ. ಉಳಿದ ನೀರುದೋಸೆಯನ್ನು ಸುರುಳಿ ಮಾಡಿ, ನೀರು ಬೆರೆಸಿದ ಹೊಯ್ಸಿನ್ ಒಂದು ಚಮಚ, ಹುರಿದ ಎಳ್ಳು ಒಂದು ಚಿಟಿಕೆ ಹಾಕಿ ತಿಂದು ನೋಡಿ. ಕಾಯಿ-ಬೆಲ್ಲದ ಜೊತೆ ನೀರುದೋಸೆ ತಿಂದು ಬೆಳೆದ ನಾಲಿಗೆಗೆ ಇದು ಅಪರಿಚಿತ ಅನಿಸುವುದಿಲ್ಲ.

ವಿಯೆಟ್ನಾಂ ಹೋಟೆಲಿನಲ್ಲೂ ಇದೇ ಬಾಟಲಿ ನೋಡಿದೆ. ಅಲ್ಲಿ ಯಾಕೆ?

ವಿಯೆಟ್ನಾಮಿನಲ್ಲಿ ಇದಕ್ಕೆ 'ತೂಂಗ್ ದೆನ್' ಅನ್ನುತ್ತಾರೆ, ಅಂದರೆ ಕಪ್ಪು ಸಾಸ್. ದಕ್ಷಿಣದವರು ಫೋ ಅನ್ನುವ ನೂಡಲ್ಸ್ ಸಾರಿನ ಜೊತೆ ಇದನ್ನೂ ಮೆಣಸಿನಕಾಯಿ ಸಾಸನ್ನೂ ಇಟ್ಟುಕೊಳ್ಳುತ್ತಾರೆ. ಉತ್ತರದ ಹನೋಯ್ ಕಡೆ ಫೋಗೆ ಇದನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಗಂಟೆಗಟ್ಟಲೆ ಕುದಿಸಿದ ಸಾರು ಅದು, ಮೊದಲು ಬರೀ ಸಾರನ್ನು ಎರಡು ಚಮಚ ಕುಡಿದು ನೋಡುವುದು ಮಾಡಿದವರಿಗೆ ಕೊಡುವ ಮರ್ಯಾದೆ. ಆಮೇಲೂ ಸಾರಿಗೆ ಸುರಿಯುವ ಬದಲು ಸಣ್ಣ ಬಟ್ಟಲಲ್ಲಿ ಹಾಕಿಕೊಂಡು ಅದ್ದಿ ತಿಂದರೆ ಸಾರೂ ಕೆಡುವುದಿಲ್ಲ, ಸಾಸಿನ ರುಚಿಯೂ ಸಿಗುತ್ತದೆ.

ಅವರ ಗೋಯ್ ಕುವೊನ್ ಅನ್ನುವ ಅಕ್ಕಿ ಹಾಳೆಯ ಸುರುಳಿಯ ಜೊತೆ ಬರುವ ಅದ್ದುಸಾಸ್ ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ್ದು. ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಹೊಂಬಣ್ಣಕ್ಕೆ ಹುರಿದು, 3 ಚಮಚ ಹೊಯ್ಸಿನ್, 1 ಚಮಚ ಪೀನಟ್ ಬಟರ್, 4 ಚಮಚ ನೀರು ಹಾಕಿ ಒಂದು ಕುದಿ ಬರಿಸಿ. ಮೇಲೆ ತರಿತರಿ ಶೇಂಗಾ ಪುಡಿ. ಶೇಂಗಾ ಚಟ್ನಿಯ ಊರಿನವರು ಒಂದು ಬಟ್ಟಲು ಮಾಡಿದರೆ ಸಾಲುವುದಿಲ್ಲ.

ಗೋಬಿ ಮಂಚೂರಿಗೆ ಹೊಯ್ಸಿನ್ ಹಾಕ್ತಾರಾ?

ಸಾಮಾನ್ಯವಾಗಿ ಇಲ್ಲ. ಕೊಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮಾಡಿದಾಗ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಸೋಯಾ ಸಾಸ್, ಕಾರ್ನ್‌ಫ್ಲೋರ್ ಸೇರಿಸಿದ್ದರು. ನಮ್ಮ ಗೋಬಿ ಮಂಚೂರಿ ಅದೇ ದಾರಿಯದು.

ಆದರೆ ಮನೆಯಲ್ಲಿ ಹಾಕಿದರೆ ಚೆನ್ನಾಗಿರುತ್ತದೆ. ಟೊಮೆಟೊ ಕೆಚಪ್ ಹಾಕುವ ಜಾಗದಲ್ಲಿ ಅರ್ಧದಷ್ಟು ಹೊಯ್ಸಿನ್, ಜೊತೆಗೆ ಒಂದು ಚಮಚ ವಿನೆಗರ್. ಸೋಯಾ ಸಾಸ್ ಕಡಿಮೆ ಮಾಡಿ. ಒಳ್ಳೆಯ ಕಂದು ಬಣ್ಣ ತಾನಾಗಿಯೇ ಬರುತ್ತದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ವಾ? ಆ ಕೆಂಪು ಪುಡಿ ನಮಗೆ ಯಾವತ್ತೂ ಬೇಕಾಗಿರಲಿಲ್ಲ.

ಬರೀ ತರಕಾರಿ ತಿನ್ನುವ ಮನೆಯಲ್ಲಿ ಇದರ ಉಪಯೋಗ ಏನು?

ತುಂಬ ಇದೆ. ಅಣಬೆ, ಹುರುಳಿಕಾಯಿ, ಎಲೆಕೋಸು, ತೋಫು, ಪನೀರ್ ಎಲ್ಲದಕ್ಕೂ ಹೊಂದುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಬದನೆಕಾಯಿ, ಇದನ್ನು ಖಂಡಿತವಾಗಿ ಹೇಳಬಲ್ಲೆ.

ಕಾಲು ಕೆಜಿ ಬದನೆಕಾಯಿಯನ್ನು ಬೆರಳುದ್ದಕ್ಕೆ ಹೆಚ್ಚಿ ಉಪ್ಪುನೀರಿಗೆ ಹಾಕಿ, ಆಮೇಲೆ ತೆಗೆದು ಒರೆಸಿ. ಅಗಲ ಬಾಣಲೆಯಲ್ಲಿ 2 ಚಮಚ ಎಣ್ಣೆ ಕಾಯಿಸಿ, ಹೋಳುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಹರಡಿ. ತಕ್ಷಣ ಕೈಯಾಡಿಸಬೇಡಿ. ಒಂದು ಬದಿ ಕೆಂಪಗಾದ ಮೇಲೆ ತಿರುವಿ ಹಾಕಿ, ಮುಚ್ಚಿ, ಮೆತ್ತಗಾಗಲು ಬಿಡಿ. ಅಷ್ಟರಲ್ಲಿ ಬಟ್ಟಲಲ್ಲಿ ಒಂದೂವರೆ ಚಮಚ ಹೊಯ್ಸಿನ್, 2 ಚಮಚ ನೀರು, ಅರ್ಧ ಚಮಚ ವಿನೆಗರ್, ಜಜ್ಜಿದ ಬೆಳ್ಳುಳ್ಳಿ ಕಲಸಿಡಿ. ಬದನೆಕಾಯಿ ಬೆಂದ ಮೇಲೆ ಇದನ್ನು ಬಾಣಲೆಯ ಅಂಚಿನಿಂದ ಸುರಿಯಿರಿ. ಚುಯ್ ಅಂತ ಸದ್ದಾಗಿ, ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ದೊಡ್ಡದಾಗುತ್ತಾ ನಿಧಾನವಾಗುವ ಹೊತ್ತಿಗೆ ಪ್ರತಿ ಹೋಳಿನ ಮೇಲೂ ತುಪ್ಪ ಸವರಿದ ಹಾಗೆ ಹೊಳಪು ಬಂದಿರುತ್ತದೆ. ಆಗ ಒಲೆ ಆರಿಸಿ. ಸಾಸ್ ಹಾಕಿದ ಮೇಲೆ ಇದೆಲ್ಲ ಒಂದು ನಿಮಿಷದ ಕೆಲಸ. ಬಿಸಿ ಅನ್ನ ಪಕ್ಕದಲ್ಲಿರಲಿ.

ನಾನು ಹಾಕಿದಾಗ ತಳ ಹತ್ತಿ ಕಹಿಯಾಯ್ತು. ಯಾಕೆ?

ನನಗೂ ಹೀಗೇ ಆಗಿತ್ತು. ಮೊದಲ ಸಲ ಎಣ್ಣೆ ಕಾದ ಕೂಡಲೇ, ಒಗ್ಗರಣೆಗೆ ಹಾಕುವ ಹಾಗೆ, ಹೊಯ್ಸಿನ್ ಹಾಕಿದೆ. ಅರ್ಧ ನಿಮಿಷದಲ್ಲಿ ಕಪ್ಪಾಯಿತು. ಅಣಬೆ ಹಾಕಿ ಕೈಯಾಡಿಸಿದರೆ ಆ ಕಹಿ ಎಲ್ಲದಕ್ಕೂ ಹತ್ತಿತು. ಅರ್ಧ ಕೆಜಿ ಅಣಬೆ ಹಾಳಾದ ಸಂಕಟ ಇನ್ನೂ ನೆನಪಿದೆ.

ಕಾರಣ ಸಕ್ಕರೆ. ಹೊಯ್ಸಿನ್‌ನಲ್ಲಿ ಸಕ್ಕರೆ ತುಂಬ ಇರುತ್ತದೆ, ಕಾದ ಬಾಣಲೆಯಲ್ಲಿ ಬೇಗ ಸುಡುತ್ತದೆ. ಅದಕ್ಕೇ ಕೊನೆಯ ಒಂದೆರಡು ನಿಮಿಷದಲ್ಲಿ, ನೀರು ಬೆರೆಸಿ ಹಾಕಬೇಕು. ಓವನ್ನಿನಲ್ಲೋ ಕೆಂಡದಲ್ಲೋ ಸುಡುವುದಾದರೆ ಪದಾರ್ಥ ಮುಕ್ಕಾಲು ಬೆಂದ ಮೇಲೆ ಬ್ರಷ್‌ನಲ್ಲಿ ಸವರಿ. ಎರಡು ಸಲ ತೆಳ್ಳಗೆ ಸವರುವುದು ಒಂದು ಸಲ ದಪ್ಪ ಸವರುವುದಕ್ಕಿಂತ ಒಳ್ಳೆಯದು.

ಎಷ್ಟು ಹಾಕಬೇಕು?

ಇಬ್ಬರಿಗೆ ಒಂದೂವರೆ ಚಮಚ. ಇಲ್ಲಿ ಚಮಚ ಅಂದರೆ ಟೇಬಲ್ ಚಮಚ. ಸಾಸ್ ಹಾಕಿ, ರುಚಿ ನೋಡಿ, ಆಮೇಲೆ ಮಾತ್ರ ಉಪ್ಪು. ಬಹಳ ಸಲ ಉಪ್ಪು ಬೇಕಾಗುವುದೇ ಇಲ್ಲ. ಸಿಹಿ ಜಾಸ್ತಿಯಾಯಿತು ಅನಿಸಿದರೆ ವಿನೆಗರ್ ಅಥವಾ ನಿಂಬೆರಸ ಹಿಂಡಿ.

ಅಂಗಡಿಯಲ್ಲಿ ಸಿಗಲಿಲ್ಲ. ಮನೆಯಲ್ಲೇ ಮಾಡಬಹುದಾ?

ಹತ್ತಿರದ ರುಚಿ ಬರಿಸಬಹುದು. 4 ಚಮಚ ಸೋಯಾ ಸಾಸ್, 2 ಚಮಚ ಪೀನಟ್ ಬಟರ್, 1 ಚಮಚ ಬೆಲ್ಲದ ಪುಡಿ, 2 ಟೀ ಚಮಚ ವಿನೆಗರ್, ಒಂದು ಎಸಳು ಬೆಳ್ಳುಳ್ಳಿ ಜಜ್ಜಿದ್ದು, ಚಿಟಿಕೆ ಕಾಳುಮೆಣಸಿನ ಪುಡಿ, ಚಕ್ರಮೊಗ್ಗಿನ ಒಂದು ಎಸಳಿನ ಪುಡಿ. ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕಲಸಿ. ಸೋಯಾ ಸಾಸ್ ಬದಲು ಮಿಸೊ ಸಿಕ್ಕರೆ ಇನ್ನೂ ಒಳ್ಳೆಯದು, ಕಾಳಿನ ಮೈ ಬರುತ್ತದೆ.

ಹಲವು ಪಾಕವಿಧಾನಗಳಲ್ಲಿ ಎಳ್ಳೆಣ್ಣೆ ಅಂತ ಬರೆದಿರುತ್ತಾರೆ. ಅದು ಹುರಿದ ಎಳ್ಳಿನ ಎಣ್ಣೆ. ನಮ್ಮ ಗಾಣದ ಎಣ್ಣೆಯನ್ನು ಹುರಿಯದ ಎಳ್ಳಿನಿಂದ ತೆಗೆಯುತ್ತಾರೆ, ಆ ಘಮ ಇರುವುದಿಲ್ಲ. ಸುಮ್ನೆ ಒಂದು ಚಮಚ ಎಳ್ಳು ಹುರಿದು ಪುಡಿ ಮಾಡಿ ಹಾಕಿ, ಸಾಕು.

ಬಾಟಲಿ ಕೊಳ್ಳುವಾಗ ಏನು ನೋಡಬೇಕು?

ಪದಾರ್ಥಗಳ ಪಟ್ಟಿಯಲ್ಲಿ ಹುದುಗಿಸಿದ ಸೋಯಾ ಪೇಸ್ಟ್ ಎಷ್ಟು ಮೇಲಿದೆ ನೋಡಿ. ಸಕ್ಕರೆ, ನೀರು ಆದ ಕೂಡಲೇ ಅದು ಬಂದಿದ್ದರೆ ಒಳ್ಳೆಯದು. ಪಿಷ್ಟ, ಬಣ್ಣ ಎಲ್ಲ ಮುಂದೆ ಬಂದು ಸೋಯಾ ಕೊನೆಯಲ್ಲಿದ್ದರೆ ಬಿಟ್ಟುಬಿಡಿ. ಚಿಕ್ಕ ಬಾಟಲಿಯಿಂದ ಶುರು ಮಾಡಿ.

ಆರೋಗ್ಯಕ್ಕೆ ಹೇಗೆ?

ಒಂದು ಟೇಬಲ್ ಚಮಚದಲ್ಲಿ, ಅಂದರೆ 16 ಗ್ರಾಂನಲ್ಲಿ, ಸುಮಾರು 35 ಕ್ಯಾಲೊರಿ, 7 ಗ್ರಾಂ ಕಾರ್ಬೊಹೈಡ್ರೇಟ್, 250 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಬ್ರ್ಯಾಂಡ್ ಮೇಲೆ ಇನ್ನೂ ಜಾಸ್ತಿ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ. ಬಿಪಿ, ಸಕ್ಕರೆ ಕಾಯಿಲೆ ಇರುವವರು ಅಳೆದು ಹಾಕಿಕೊಳ್ಳಿ.

ಅಲರ್ಜಿ ಇರುವವರು ಮಾತ್ರ ಇದನ್ನು ಗಮನವಿಟ್ಟು ಓದಿ. ಸೋಯಾ ಇದ್ದೇ ಇರುತ್ತದೆ. ಗೋಧಿ ಸಾಮಾನ್ಯವಾಗಿ ಇರುತ್ತದೆ, ಹಾಗಾಗಿ ಗ್ಲುಟೆನ್, ಅಂದರೆ ಗೋಧಿಯಲ್ಲಿರುವ ಪ್ರೋಟೀನ್, ಆಗದವರು ಗ್ಲುಟೆನ್ ಇಲ್ಲ ಅಂತ ಬರೆದದ್ದನ್ನೇ ಹುಡುಕಬೇಕು. ಎಳ್ಳು ಎಷ್ಟೋ ಬ್ರ್ಯಾಂಡ್‌ಗಳಲ್ಲಿದೆ. ಮೇಲೆ ಹೇಳಿದ ಅದ್ದುಸಾಸ್‌ನಲ್ಲೂ ಮನೆಯಲ್ಲಿ ಮಾಡುವ ಸಾಸ್‌ನಲ್ಲೂ ಶೇಂಗಾ ಇದೆ. ಬಡಿಸುವ ಮುಂಚೆ ಅತಿಥಿಗಳನ್ನು ಕೇಳಿ.

ತೆರೆದ ಮೇಲೆ ಎಷ್ಟು ದಿನ ಇಡಬಹುದು?

ಫ್ರಿಜ್‌ನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಉಪ್ಪಿನಕಾಯಿ ಭರಣಿಗೆ ಇರುವ ನಿಯಮವೇ ಇದಕ್ಕೂ: ಒಣಗಿದ, ಶುದ್ಧವಾದ ಚಮಚ. ಬಾಯಿ ಹತ್ತಿರ ಒಣಗಿ ಗಟ್ಟಿಯಾದರೆ ಒರೆಸಿ ತೆಗೆಯಿರಿ. ಬೂಷ್ಟು ಬಂದರೆ, ವಾಸನೆ ಬದಲಾದರೆ ಪೂರ್ತಿ ಎಸೆಯಿರಿ.

ಬಾಟಲಿಯ ತಳದಲ್ಲಿ ಅಂಟಿಕೊಂಡದ್ದನ್ನು ಏನು ಮಾಡುವುದು?

ಗಾಜಿನ ಬಾಟಲಿಯಾದರೆ ಅದರೊಳಗೇ ಕಾಲು ಲೋಟ ಬೆಚ್ಚಗಿನ ನೀರು, ಒಂದು ಚಮಚ ವಿನೆಗರ್, ಚಿಟಿಕೆ ಮೆಣಸಿನಪುಡಿ ಹಾಕಿ ಮುಚ್ಚಳ ಬಿಗಿದು ಕುಲುಕಿ. ಮೂಲೆಯಲ್ಲಿ ಕೂತದ್ದೆಲ್ಲ ಬಿಡುತ್ತದೆ. ಬೇಯಿಸಿದ ನೂಡಲ್ಸ್, ಎಲೆಕೋಸು ಬಾಣಲೆಯಲ್ಲಿರುವಾಗ ಅದನ್ನು ಸುರಿದು ಜೋರು ಉರಿಯಲ್ಲಿ ಒಂದು ನಿಮಿಷ ಬಾಡಿಸಿ. ನಮ್ಮ ಮನೆಯಲ್ಲಿ ಬಾಟಲಿ ಮುಗಿಯುವ ದಿನ ರಾತ್ರಿ ಊಟಕ್ಕೆ ಇದೇ.